ಅತ್ತೆಯ ಕೋಣೆಯ ತೇವಾಂಶ ಎಷ್ಟು?

ನಮ್ಮ ಮನೆಯಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಕೈ ಹಾಕಿದರೂ ಅದು ನಗೆಪಾಟಲಾಗದೆ ಮುಗಿಯುವುದಿಲ್ಲ. ಅತ್ತೆಯ ಉಬ್ಬಸದ ವಿಷಯದಲ್ಲೂ ಅದೇ ಆಯಿತು.

ಹೆತ್ತೂರು ಕಡೆಯ ಮಳೆ ಶುರುವಾದರೆ ಅತ್ತೆಯ ಎದೆಯಲ್ಲಿ ಸೀಟಿ ಶುರು. ಈ ಸಲವೂ ಜಾಸ್ತಿಯಾದರೆ ಮಳೆ ಮುಗಿಯುವ ತನಕ ಹಾಸನದ ತನ್ನ ಮನೆಗೆ ಕರೆದೊಯ್ಯುವುದಾಗಿ ನಾದಿನಿ ಹುಕುಂ ಮಾಡಿದ್ದಳು. ಅತ್ತೆಗೆ ಸುತರಾಂ ಇಷ್ಟವಿಲ್ಲ. "ಅಲ್ಲಿ ಬಾಗ್ಲು ಮುಚ್ಕೊಂಡ್ ಕೂತಿರ್ಬೇಕು ಕಣೆ. ಜಗಳ ಆಡಾಕೂ ಒಂದ್ ಜನ ಇಲ್ಲ" ಎಂದರು. ಅವರನ್ನು ಬಿಟ್ಟಿರಲು ನನಗೂ ಮನಸ್ಸಿಲ್ಲ. ಹಾಗಂತ ಅವರೆದುರು ಹೇಳಿ ಮೆರೆಸಲಿಲ್ಲ, ಅಷ್ಟೆ. ಮನೆಯ ತೇವ ಓಡಿಸಲು ಇಬ್ಬರೂ ಸೆರಗು ಕಟ್ಟಿದೆವು.

ಬೂಸ್ಟು

ಮೊದಲು ಡಾಕ್ಟರ ಹತ್ತಿರ ಹೋದೆವು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹೊಸ ಹುಡುಗ.

"ಮಳೆಗಾಲ ಬಂತು ಅಂದ್ರೆ ನಮ್ಮನೇಲಿ ಬೂಸ್ಟು ಜಾಸ್ತಿ ಆಗ್ಬುಡ್ತದೆ, ಡಾಕ್ಟ್ರೇ" ಎಂದರು ಅತ್ತೆ.

"ದಿನಕ್ಕೆ ಎಷ್ಟು ಸಲ?"

"ದಿನಾ ಒರೆಸ್ತೀವಿ. ಮತ್ತೆ ಬರ್ತದೆ. ಗೋಡೇಲೈತೆ, ಬೀರೂಲೈತೆ, ಚಪ್ಪಲೀಲೂ ಐತೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ಅದನ್ನ ಗೋಡೆಗೆ ಯಾಕೆ ಹಾಕ್ತೀರಿ? ಹಾಲಿಗೆ ಹಾಕ್ಕೊಂಡು ಕುಡೀಬೇಕು."

ಪಾಪ, ಅವರು ಡಬ್ಬಿಯಲ್ಲಿ ಬರುವ ಪುಡಿ ಎಂದುಕೊಂಡಿದ್ದರು! ಗೋಡೆಗೆ ಹಿಡಿಯುವ ಕರಿ ಬೂಸ್ಟು ಎಂದು ನಾನು ಬಿಡಿಸಿ ಹೇಳಿದ ಮೇಲೆ ಸರಿಯಾದ ಸಲಹೆ ಕೊಟ್ಟರು. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಬೇಡ, ಮಂಚ ಗೋಡೆಗೆ ತಾಗದಿರಲಿ, ಕಿಟಕಿ ಗಾಜಿನ ನೀರು ಒರೆಸಿ, ಸ್ನಾನದ ಹಬೆ ಹೊರಗೆ ಹೋಗಲಿ, ಇನ್‌ಹೇಲರ್ ಮರೆಯಬೇಡಿ.

ಹೊರಗೆ ಬಂದ ಅತ್ತೆ ನನ್ನ ಕಿವಿಯಲ್ಲಿ, "ಡಾಕ್ಟ್ರೇನೋ ಒಳ್ಳೇವ್ರು ಕಣೆ. ಆದ್ರೆ ಬೂಸ್ಟು ಕುಡಿ ಅಂದ್ಬುಟ್ಟರಲ್ಲ!" ಎಂದರು.

ಫ್ಯಾನು

ಹಬೆ ಹೊರಗೆ ಎಳೆಯಲು ಬಚ್ಚಲಿಗೆ ಫ್ಯಾನು ಹಾಕಿಸಿದೆವು. ಅತ್ತೆಗೆ ಭಾರೀ ಖುಷಿ. "ಹಬೆ ಎಳೆಯೋದು ಲಂಗದ ನೀರು ಎಳೆಯಕ್ಕಿಲ್ವಾ?" ಎಂದು ಅದರ ಮುಂದೆಯೇ ಹಗ್ಗ ಕಟ್ಟಿ ತಮ್ಮ ಲಂಗಗಳನ್ನೆಲ್ಲ ನೇತುಹಾಕಿದರು.

ನನ್ನ ಯಜಮಾನರು ಸ್ನಾನಕ್ಕೆ ಹೋಗಿ ಅದೇ ಹಗ್ಗಕ್ಕೆ ಟವೆಲ್ ಹಾಕಿದ್ದಾರೆ. ಫ್ಯಾನು ಟವೆಲನ್ನು ಗರಗರ ಸುತ್ತಿಕೊಂಡು ನಿಂತುಬಿಟ್ಟಿತು. ಒಳಗಿಂದ ಒಂದೇ ಬೊಬ್ಬೆ. ಹಿತ್ತಲಲ್ಲಿದ್ದ ನಮಗೆ ಕೇಳಿಸಲಿಲ್ಲ. ಕೊನೆಗೆ ಅಮ್ಮನ ಲಂಗ ಸುತ್ತಿಕೊಂಡೇ ಹೊರಗೆ ಬಂದರು. ಜಗಲಿಯಲ್ಲಿ ನಮ್ಮ ತೋಟದ ಕಾಫಿ ಕೊಳ್ಳುವ ಹಾನುಬಾಳಿನ ವ್ಯಾಪಾರಿ ಕೂತಿದ್ದ.

ಅವನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗೇ ಒಪ್ತದೆ ಬುಡಿ ಗೌಡ್ರೇ. ವಸಿ ಗಿಡ್ಡ ಆಯ್ತು" ಎಂದ.

ಮಂಚದ ಕೆಳಗಿನ ಸ್ಯಾಂಪಲ್

ಯಜಮಾನರು ನನ್ನ ಮಾತು ನಂಬುವುದಿಲ್ಲ, ಮಾಯಿಶ್ಚರ್ ಮೀಟರ್ ನಂಬುತ್ತಾರೆ. ಕಾಫಿ ಬೀಜ ಹಾಕಿದರೆ ಅದರಲ್ಲೆಷ್ಟು ತೇವ ಇದೆ ಎಂದು ಅದು ತೋರಿಸುತ್ತದೆ. ಕೋಣೆಯಲ್ಲಿ ತೇವ ಇದ್ದರೆ ಬೀಜ ಎಳೆದುಕೊಳ್ಳಲೇಬೇಕು ಎಂದು ಲೆಕ್ಕ ಹಾಕಿ, ಒಣ ಬೀಜವನ್ನು ತಟ್ಟೆಯಲ್ಲಿ ಅಮ್ಮನ ಮಂಚದ ಕೆಳಗಿಟ್ಟರು. ವಾರದ ನಂತರ ಅಳೆದರು. ಬೀಜ ಒಣಗಿಯೇ ಇತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಅದೇ ವ್ಯಾಪಾರಿ ಬಂದು ಬೀಜವನ್ನು ಕಚ್ಚಿ ನೋಡಿದ. "ಈ ಮಳೇಲಿ ಇಷ್ಟೊಣಗೈತಲ್ಲ! ಯಾವ ಸ್ಟೋರ್‌ದು ಗೌಡ್ರೇ? ಪೂರ್ತಿ ನಾನೇ ತಗತೀನಿ."

"ನನ್ ಮಂಚದ ಕೆಳಗಿಂದು" ಎಂದರು ಅತ್ತೆ. "ಮಂಚಾನೂ ಬೇಕಾದ್ರೆ ತಗಂಡ್ಹೋಗು ಮಾರಾಯ, ನನ್ನೊಬ್ಳನ್ನ ಬುಟ್ಟು."

ಹಾಸನದ ಬೀಜ

ಅಂತೂ ನಾದಿನಿ ಕಾರು ತಗೊಂಡು ಬಂದೇಬಿಟ್ಟಳು. ಆ ಡಾಕ್ಟರನ್ನು ಕಂಡು ಬಂದ ಮೇಲೆ ಅತ್ತೆ ಒಂದು ಸಲವೂ ಆಸ್ಪತ್ರೆ ಹತ್ತಿರಲಿಲ್ಲ. ಆದರೂ ಅವಳು ನಂಬಲೊಲ್ಲಳು. "ಈ ಮಳೇಲಿ ಈ ಮನೆ ಒಣಗಿರುತ್ತಾ? ಬ್ಯಾಗ್ ತುಂಬು ಅಮ್ಮ."

ಅತ್ತೆ ಒಂದು ಚೀಲದಲ್ಲಿ ಬೀಜ ತಂದು ಅವಳ ಕೈಗಿಟ್ಟರು. "ನೀನು ನನ್ನ ಮಲಗಿಸೋ ಕೋಣೇಲಿ ಇದನ್ನ ಒಂದ್ ವಾರ ಇಡು. ನಮ್ಮನೆಗಿಂತ ತೇವ ಕಮ್ಮಿ ಬಂದ್ರೆ ನಾನೇ ಬಸ್ ಹತ್ತಿ ಬರ್ತೀನಿ."

ನಾದಿನಿ ಚೀಲ ಹಿಡಿದು ಒಬ್ಬಳೇ ಕಾರು ಹತ್ತಿದಳು. ಹಾಸನದಲ್ಲಿ ನಮ್ಮಷ್ಟು ಮಳೆ ಎಲ್ಲಿದೆ? ಮುದುಕಿ ಸೋಲುವುದು ಖಂಡಿತ. ವಾರವಿಡೀ ನನಗೆ ಊಟ ಸೇರಲಿಲ್ಲ.

ಬೀಜ ವಾಪಸ್ ಬಂತು. ಯಜಮಾನರು ಮೀಟರಿಗೆ ಹಾಕಿದರು. ಅಂಕಿ ಏರಿತು, ಏರಿತು, ನಿಲ್ಲಲೇ ಇಲ್ಲ. ಮೀಟರ್ ಕೆಟ್ಟಿರಬೇಕೆಂದು ಎರಡು ಸಲ ತಟ್ಟಿ ನೋಡಿ, ತಂಗಿಗೆ ಫೋನ್ ಮಾಡಿದರು. "ಏನೇ, ಬಾವಿ ಒಳಗೇನಾದ್ರೂ ಮನೆ ಮಾಡಿದ್ದೀಯಾ?"

ಸ್ಪೀಕರಿನಲ್ಲಿ ನಾದಿನಿ ಹೇಳಿದಳು: "ಇಲ್ಲ ಕಣಣ್ಣ. ಬೀಜದಲ್ಲಿ ಧೂಳಿತ್ತು. ಅಮ್ಮಂಗೆ ಧೂಳು ಆಗಲ್ಲವಲ್ಲ, ಅದಕ್ಕೇ ಚೆನ್ನಾಗಿ ತೊಳೆದು ಇಟ್ಟೆ."

ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದೆವು. ಅತ್ತೆ ಮಾತ್ರ ನಗಲಿಲ್ಲ. ಫೋನ್ ಕಿತ್ತುಕೊಂಡು ಗುಡುಗಿದರು:

"ತೊಳುದ್ರೆ ಏನಾಯ್ತೆ? ಒಂದ್ ವಾರ ಇಟ್ರೂ ಒಂದ್ ಹಿಡಿ ಬೀಜ ಒಣಗ್ನಿಲ್ಲ ನಿನ್ ಮನೇಲಿ. ಆ ಕೋಣೇಲಿ ನಾನು ಒಣಗ್ತೀನಾ?"