ಎಡಗೈಯಲ್ಲಿ ಬರೆದ ಚೀಟಿ

ಸೋಮವಾರ ಸಾಯಂಕಾಲ, ಯಾರೂ ನೋಡುತ್ತಿಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು, ಹುಟ್ಟಾ ಬಲಗೈಯವನಾದ ಕಡತರಾಯ ಎಡಗೈಯಲ್ಲಿ ಪೆನ್ನು ಹಿಡಿದು ಎರಡು ಸಾಲು ಬರೆದ. ಆಮೇಲೆ ಆದ ಅವಾಂತರಕ್ಕೆಲ್ಲ ಆ ಎರಡು ಸಾಲೇ ಕಾರಣ.

ಕಡತರಾಯ ಎಂದರೆ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರದ ದಾಖಲೆ ಕೋಣೆಯ ಗುಮಾಸ್ತ. ಅಪ್ಪ ಅಮ್ಮ ಇಟ್ಟ ಹೆಸರೊಂದು ಬೇರೆ ಇತ್ತು, ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಮೊದಲು ಅವನ ಕೋಣೆಯಲ್ಲಿ ಟೈಪಿಸ್ಟ್ ಒಬ್ಬರಿದ್ದರು. ಒಂದು ಗಂಟೆ ಹೊಡೆಯುತ್ತಲೇ ಇಬ್ಬರೂ ಡಬ್ಬಿ ಬಿಚ್ಚಿ, ಒಬ್ಬರ ಅಡುಗೆಯನ್ನು ಇನ್ನೊಬ್ಬರು ಹಳಿಯುತ್ತ ಸಂತೋಷವಾಗಿ ಉಣ್ಣುತ್ತಿದ್ದರು. ಅವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಅವರ ಕುರ್ಚಿಯ ಮೇಲೆ ಈಗ ಫೈಲುಗಳು ಕೂತಿದ್ದವು.

ಕ್ಯಾಂಟೀನಿಗೆ ಹೋಗೋಣವೆಂದರೆ ಅಲ್ಲಿ ಬೇರೆಯೇ ತೊಂದರೆ. ಯಾರು ಯಾವ ಫೈಲು ವಾಪಸು ಕೊಟ್ಟಿಲ್ಲ ಎಂದು ವಿಚಾರಿಸುವುದೇ ಅವನ ಉದ್ಯೋಗ. ಹಾಗಾಗಿ ಅವನು ತಟ್ಟೆ ಹಿಡಿದು ಒಳಗೆ ಕಾಲಿಟ್ಟರೆ ಸಾಕು, ಪಾಠ ಓದದ ಮಕ್ಕಳು ಮೇಷ್ಟ್ರನ್ನು ಕಂಡಂತೆ ಎಲ್ಲರ ಊಟವೂ ಫಕ್ಕನೆ ಮುಗಿದುಬಿಡುತ್ತಿತ್ತು.

ಆ ಸೋಮವಾರ ಸಿಬ್ಬಂದಿಯ ಕ್ಷೇಮಕ್ಕೆಂದು ಕಾರಿಡಾರಿನಲ್ಲಿ ಒಂದು ಹಸಿರು ಪೆಟ್ಟಿಗೆ ನೇತುಹಾಕಿದ್ದರು. ‘ಮನಸ್ಸಿನ ಮಾತು: ಹೆಸರು ಬರೆಯಬೇಕಿಲ್ಲ’ ಎಂದು ಮೇಲೆ ಬರೆದಿತ್ತು. ಕಡತರಾಯ ಬರೆದು ಹಾಕಿದ್ದು ಇಷ್ಟೆ: ‘ಮಧ್ಯಾಹ್ನ ಊಟಕ್ಕೆ ನನ್ನ ಜೊತೆ ಕೂರುವವರು ಯಾರೂ ಇಲ್ಲ. ಯಾರಾದರೂ ಬಂದರೆ ಚೆನ್ನಾಗಿತ್ತು.’

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ನಿರ್ದೇಶಕಿ ಮೇಡಂ ಎಲ್ಲರನ್ನೂ ಸಭಾಂಗಣಕ್ಕೆ ಕರೆದು, ಎದುರಿಗೇ ಪೆಟ್ಟಿಗೆಯ ಬೀಗ ತೆಗೆದರು. ಒಳಗೆ ಮೂರು ಚೀಟಿಗಳಿದ್ದವು. ಒಂದರಲ್ಲಿ ಎರಡನೇ ಮಹಡಿಯ ನಲ್ಲಿ ಸೋರುತ್ತಿದೆ ಎಂದಿತ್ತು. ಇನ್ನೊಂದು ಹಳೆಯ ಬಸ್ ಟಿಕೆಟ್ಟು. ಮೂರನೆಯದನ್ನು ಗಟ್ಟಿಯಾಗಿ ಓದಿದ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇವತ್ತು ನಾಲ್ಕು ಗಂಟೆಗೆ ಏನಿದೆ, ನೆನಪಿದೆಯಾ ಎಲ್ರಿಗೂ?”

ನೆನಪಿತ್ತು. ಊರಿನ ಜನರಿಗಾಗಿ ಕೇಂದ್ರದವರು ಮತ್ತು ನೆರೆಹೊರೆ ಬಳಗವೆಂಬ ಸ್ವಯಂಸೇವಾ ಸಂಘದವರು ಸೇರಿ ಶುರುಮಾಡಲಿದ್ದ ‘ಯಾರೂ ಒಂಟಿಯಲ್ಲ’ ಅಭಿಯಾನದ ಉದ್ಘಾಟನೆ. ಅದರ ಬಟ್ಟೆಯ ಬ್ಯಾನರು ಮೇಡಂ ತಲೆಯ ಮೇಲೆಯೇ ತೂಗುತ್ತಿತ್ತು.

“ಇಡೀ ಊರಿಗೆ ಯಾರೂ ಒಂಟಿಯಲ್ಲ ಅಂತ ಹೇಳೋಕೆ ಹೊರಟಿದೀವಿ, ನಮ್ಮಲ್ಲೇ ಒಬ್ರು ಹೀಗೆ ಕೂತಿದಾರೆ! ನಾಲ್ಕು ಗಂಟೆಯೊಳಗೆ ಇವರು ಯಾರು ಅಂತ ಗೊತ್ತಾಗ್ಬೇಕು. ಅವರ ಒಂಟಿತನ ಹೋಗ್ಬೇಕು.”

“ಹೆಸರು ಬರೀಬೇಕಿಲ್ಲ ಅಂತ ನಾವೇ ಹಾಕಿದೀವಲ್ಲ, ಮೇಡಂ,” ಎಂದರು ಹಿರಿಯ ನರ್ಸಮ್ಮ.

“ಅವರು ಬರೀಬೇಕಿಲ್ಲ. ನಾವು ಕಂಡುಹಿಡೀಬಾರದು ಅಂತ ಎಲ್ಲಿದೆ?”

ಕಡತರಾಯ ಒಂದು ಹೆಜ್ಜೆ ಮುಂದೆ ಬಂದ. ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ತರಬೇತಿ ಮುಗಿಸಿ ಹೊಸದಾಗಿ ಸೇರಿದ್ದ ಆಪ್ತಸಲಹೆಗಾರ ಚೀಟಿ ಎತ್ತಿಕೊಂಡು ಬೆಳಕಿಗೆ ಹಿಡಿದ.

“ನೋಡಿ ಮೇಡಂ, ಅಕ್ಷರ ಹೇಗೆ ವಾಲಿದೆ! ಈ ‘ಊ’ ನೋಡಿ, ಹೇಗೆ ನಡುಗ್ತಿದೆ. ಇದು ಬರೀ ಊಟದ ವಿಷಯ ಅಲ್ಲ. ಒಳಗೆ ಭಯಂಕರ ಕೋಪ ಇದೆ. ಚಿಕ್ಕಂದಿನಲ್ಲಿ ಯಾರೋ ಇವರ ತಟ್ಟೆ ಕಿತ್ಕೊಂಡಿದಾರೆ.”

ಕಡತರಾಯ ಬಾಯಿ ಮುಚ್ಚಿದ. ಯಾರೂ ತಟ್ಟೆ ಕಿತ್ತುಕೊಂಡ ನೆನಪು ಅವನಿಗಿರಲಿಲ್ಲ. ಆದರೂ ಒಂದು ಗಳಿಗೆ ಅಣ್ಣನ ಮೇಲೆ ಅನುಮಾನ ಬಂದು ಹೋಯಿತು.

“ಅಕ್ಷರ!” ಎಂದು ಮೇಡಂ ಚಪ್ಪಾಳೆ ತಟ್ಟಿದರು. “ರಾಯರೇ, ಎಂತೆಂಥ ಡಾಕ್ಟರುಗಳ ಬರವಣಿಗೆ ಓದೋರು ನೀವು. ಇದೇನು ಮಹಾ? ಎಲ್ಲರ ಅಕ್ಷರದ ಮಾದರಿ ತಗೊಂಡು ಹೋಲಿಸಿ ನೋಡಿ. ಇವತ್ತು ನಿಮಗೆ ಬೇರೆ ಕೆಲಸ ಬೇಡ.”

ಹೀಗೆ, ತನ್ನನ್ನು ತಾನೇ ಹುಡುಕುವ ಕೆಲಸ ಕಡತರಾಯನ ಕೊರಳಿಗೆ ಬಿತ್ತು.

ಒಂದು ನೋಟ್‌ಬುಕ್ ಹಿಡಿದು ಹೊರಟ. ಮೊದಲು ಅಡುಗೆಮನೆ. ಅಡುಗೆಯಾಕೆ ಸೌಟು ಕೆಳಗಿಡಲೇ ಇಲ್ಲ.

“ನಾನಾ ಒಂಟಿ? ಮುನ್ನೂರು ಹೊಟ್ಟೆ ನನ್ನ ಹಿಂದೆ ಬಿದ್ದಿವೆ! ಒಂದು ದಿನ ಒಂಟಿಯಾಗಿ ಬಿಟ್ರೆ ನಿಮ್ಮ ಕಾಲಿಗೆ ಬೀಳ್ತೀನಿ.”

“ಹಾಗಲ್ಲಮ್ಮ, ಸುಮ್ನೆ ಒಂದು ಸಾಲು ಬರೆದುಕೊಟ್ರೆ...”

“ಬರೀತೀನಿ, ಕೊಡಿ.” ಆಕೆ ಬರೆದದ್ದು: ‘ದೊಡ್ಡ ಒಲೆ ಕೆಟ್ಟು ಆರು ತಿಂಗಳಾಯಿತು.’

ಮಾದರಿ ಕೇಳಲು ಹೋದಲ್ಲೆಲ್ಲ ಅದೇ ಕತೆ. ಮೊದಲ ಮಹಡಿಯ ಡಾಕ್ಟರು ನೋಟ್‌ಬುಕ್ಕಿನಲ್ಲಿ ಏನೋ ಗೀಚಿದರು. ಅದು ಒಂದು ಸಾಲೋ, ಸಹಿಯೋ, ಔಷಧಿಯೋ ಎಂದು ಕಡತರಾಯನಿಗೂ ತಿಳಿಯಲಿಲ್ಲ. ತನ್ನ ಮೇಲೆ ಅನುಮಾನವಿದೆ ಎಂದು ಭಾವಿಸಿದ ಲ್ಯಾಬಿನವನು, ತನಗಿರುವ ಗೆಳೆಯರ ಪಟ್ಟಿಯನ್ನು ಫೋನ್ ನಂಬರ್ ಸಮೇತ ಒಪ್ಪಿಸಿದ.

ಹನ್ನೊಂದೂವರೆಗೆ ಹಿರಿಯ ನರ್ಸಮ್ಮ ಅವನ ತೋಳು ಹಿಡಿದು ಹೊದಿಕೆಗಳ ಕೋಣೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದರು. ಸುತ್ತ ಒಗೆದು ಮಡಿಸಿದ ಬಿಳಿ ಹೊದಿಕೆಗಳು. ಇಡೀ ಕಟ್ಟಡವನ್ನೇ ನಡುಗಿಸುವ ಧ್ವನಿ ಅವರದು, ಅಲ್ಲಿ ಪಿಸುಮಾತಾಯಿತು.

“ಅದು ನಾನು ಬರೆದಿದ್ದು ಅಂದ್ಕೊಂಡಿದೀರಾ?”

“ಅಯ್ಯೋ, ಇಲ್ಲ ನರ್ಸಮ್ಮ.”

“ನಾನಲ್ಲ.” ಅವರು ಒಂದು ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದರು. “ಆದ್ರೆ ಮೇಡಂ ಓದಿದಾಗ ಒಂದು ನಿಮಿಷ, ನಾನೇ ಬರೆದು ಮರೆತಿದೀನೇನೋ ಅನ್ನಿಸ್ತು. ದಿನಾ ಇಲ್ಲೇ ನಿಂತ್ಕೊಂಡು ತಿಂತೀನಿ, ರಾಯರೇ. ಕೂತ್ರೆ ಯಾರಾದ್ರೂ ಕರೀತಾರೆ.”

 ನಾಲ್ಕು ವರ್ಷದಲ್ಲಿ ಯಾರೂ ಕಡತರಾಯನೊಡನೆ ಫೈಲು ಬಿಟ್ಟು ಬೇರೆ ಮಾತಾಡಿರಲಿಲ್ಲ. ಧೈರ್ಯ ಮಾಡಿ, “ಹಾಗಾದ್ರೆ ನರ್ಸಮ್ಮ, ನಾಳೆ ನಾವಿಬ್ರೂ...” ಎಂದ.

“ನರ್ಸಮ್ಮಾ!” ಎಂದು ವಾರ್ಡಿನಿಂದ ಕೂಗು ಬಂತು. ಅವರು ಹೊದಿಕೆಯನ್ನು ಅವನ ಕೈಗೆ ತುರುಕಿ, “ಯಾರಿಗೂ ಹೇಳ್ಬೇಡಿ ಮತ್ತೆ!” ಎಂದು ಓಡಿಯೇ ಹೋದರು.  ಕಡತರಾಯ ಅದನ್ನು ಅದರ ಜಾಗದಲ್ಲಿಟ್ಟು ಹೊರಬಂದ.

ಅಷ್ಟರೊಳಗೆ ಆಪ್ತಸಲಹೆಗಾರ ಅಕ್ಷರ ಗಿಕ್ಷರದ ಗೊಡವೆಯಿಲ್ಲದೆ ಅಪರಾಧಿಯನ್ನು ಹಿಡಿದುಬಿಟ್ಟಿದ್ದ: ಗೇಟಿನ ಕಾವಲುಗಾರ. “ಯಾರ ಜೊತೇನೂ ಮಾತಾಡಲ್ಲ. ಒಂದು ಸಣ್ಣ ಗೂಡಿನೊಳಗೆ ಕೂತಿರ್ತಾರೆ. ನಗೋದಿಲ್ಲ. ಇನ್ನೇನು ಸಾಕ್ಷಿ ಬೇಕು?”

ಒಂದು ಗಂಟೆಗೆ ಹನ್ನೊಂದು ಮಂದಿ ತಮ್ಮ ತಮ್ಮ ಡಬ್ಬಿ ಹಿಡಿದು ಕಾವಲುಗಾರನ ಗೂಡಿಗೆ ಮುತ್ತಿಗೆ ಹಾಕಿದರು. ಒಬ್ಬ ಅವನ ಬೆನ್ನು ಸವರಿದ. ಇನ್ನೊಬ್ಬಳು ಅವನ ಬಾಲ್ಯದ ಬಗ್ಗೆ ಕೇಳಿದಳು. ಲ್ಯಾಬಿನವನು ಹಾಡು ಹೇಳಿದ. ಕಡತರಾಯನೂ ಡಬ್ಬಿ ಹಿಡಿದು ಅಂಚಿನಲ್ಲಿ ಬಂದು ನಿಂತ. ಅಲ್ಲಿಯಾದರೂ ತನಗೊಂದು ಜಾಗ ಸಿಕ್ಕೀತು ಎಂಬ ಆಸೆ.

“ಬನ್ನಿ ರಾಯರೇ, ಸರಿಯಾದ ಹೊತ್ತಿಗೆ ಬಂದ್ರಿ!” ಎಂದ ಆಪ್ತಸಲಹೆಗಾರ. “ನಿಮ್ಮ ಕೋಣೇಲಿ ಎರಡು ಕುರ್ಚಿ ಇವೆಯಲ್ಲ? ತರಿಸ್ತೀರಾ? ಜನ ಜಾಸ್ತಿಯಾದ್ರು.”

ಎರಡು ಕುರ್ಚಿಗಳನ್ನೂ ಅವನೇ ಹೊತ್ತು ತಂದುಕೊಟ್ಟ. ಅವು ತಕ್ಷಣ ಭರ್ತಿಯಾದವು. ವಾಪಸು ಹೋಗಿ, ಕಪಾಟಿಗೆ ಒರಗಿ ನಿಂತುಕೊಂಡೇ ಬೇಯಿಸಿದ ಮೊಟ್ಟೆ ತಿಂದ. ಗೇಟಿನ ಕಡೆಯಿಂದ ನಗುವಿನ ಸದ್ದು ಅಲೆಯಲೆಯಾಗಿ ಬರುತ್ತಿತ್ತು.

ಎರಡು ಗಂಟೆಗೆ ಕಾವಲುಗಾರ ದಾಖಲೆ ಕೋಣೆಗೆ ಓಡಿಬಂದ. ಜೇನುಗೂಡಿಗೆ ತಲೆ ಕೊಟ್ಟವನ ಮುಖವಾಗಿತ್ತು ಅವನದು.

“ರಾಯರೇ, ನಿಮ್ಮ ದಮ್ಮಯ್ಯ. ಮನೇಲಿ ಹನ್ನೆರಡು ಜನ ಇದೀವಿ. ಒಂದು ಚೂರು ಸದ್ದಿಲ್ಲದ ಜಾಗ ಸಿಗತ್ತೆ ಅಂತ ಈ ಕೆಲಸಕ್ಕೆ ಸೇರಿದ್ದು. ನಾಳೆಯಿಂದ ದಿನಾ ಬರ್ತಾರಂತೆ! ಇದನ್ನ ಮೇಡಂಗೆ ಕೊಡಿ.” ಅದು ರಾಜೀನಾಮೆ ಪತ್ರ. ಮುತ್ತು ಪೋಣಿಸಿದಂಥ ಅಕ್ಷರ, ಎರಡು ಪುಟ.

ಕಡತರಾಯ ಅದನ್ನು ಕೊಡುವ ಬದಲು ಮೇಡಂಗೆ ದೂರದಿಂದಲೇ ತೋರಿಸಿ, ಅಕ್ಷರ ಬೇರೆ, ಇವನು ಅವನಲ್ಲ ಎಂದು ಸಾಬೀತುಪಡಿಸಿದ. ಕಾವಲುಗಾರ ಬಿಡುಗಡೆಯಾಗಿ ತನ್ನ ಗೂಡು ಸೇರಿ ಒಳಗಿನಿಂದ ಅಗುಳಿ ಹಾಕಿಕೊಂಡ. ಆ ಪತ್ರವನ್ನು ಹರಿದು ಬುಟ್ಟಿಗೆ ಹಾಕುವಾಗ ಕಡತರಾಯ ಒಂದು ನಿರ್ಧಾರಕ್ಕೆ ಬಂದ. ತನ್ನಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದು. ಕೋಪಿಷ್ಠನೆಂದರೂ ಸರಿ, ತಟ್ಟೆ ಕಳೆದುಕೊಂಡವನೆಂದರೂ ಸರಿ, ಹೇಳಿಯೇ ಬಿಡಬೇಕು. ಹೇಳಿದರೆ ನಾಳೆ ಒಂದು ಗಂಟೆಗೆ ಯಾರಾದರೂ ಬಂದಾರು. ನರ್ಸಮ್ಮನೇ ಬಂದರೂ ಬಂದಾರು.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ನೆರೆಹೊರೆ ಬಳಗದವರು, ಅವರ ನಡುವೆ ಬಳಗದ ಮುಖ್ಯಸ್ಥೆಯಾದ ನಿವೃತ್ತ ಹೆಡ್‌ಮಿಸ್. ಮೇಡಂ ಇಡೀ ಸಂಗತಿಯನ್ನು ಮರೆಮಾಚದೆ ಜನರ ಮುಂದಿಟ್ಟು, “ದುಃಖದ ಮಾತು ಅಂದ್ರೆ, ಆ ವ್ಯಕ್ತಿ ಇನ್ನೂ ಸಿಕ್ಕಿಲ್ಲ,” ಎಂದರು.

ಕಡತರಾಯ ಎದ್ದು ನಿಂತ. 

“ಅದು ನಾನು.”

ಎಲ್ಲರೂ ತಿರುಗಿ ನೋಡಿದರು.  ಆಪ್ತಸಲಹೆಗಾರ ನಿಧಾನವಾಗಿ ಎದ್ದ. ಅವನ ಕಣ್ಣಲ್ಲಿ ನೀರಿತ್ತು.

“ಎಂಥ ದೊಡ್ಡತನ!” ಎಂದ. “ಬರೆದವರು ಯಾರು ಅಂತ ಇವರಿಗೆ ಗೊತ್ತಾಗಿದೆ. ಆದ್ರೆ ಅವರ ಮಾನ ಕಾಪಾಡೋಕೆ, ಆ ಒಂಟಿತನಾನ ತನ್ನ ಮೇಲೆ ಹಾಕ್ಕೊಳ್ತಿದಾರೆ!”

“ಇಲ್ರೀ, ನಿಜವಾಗ್ಲೂ ನಾನೇ!”

“ನೋಡಿ, ಇನ್ನೂ ಬಿಟ್ಟುಕೊಡ್ತಿಲ್ಲ!”

ಕಡತರಾಯ ಸರಸರನೆ ವೇದಿಕೆಯ ಕರಿಹಲಗೆಯ ಬಳಿ ಹೋದ. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಅದೇ ಎರಡು ಸಾಲು ಬರೆದ. ವಾಲಿದ ಅಕ್ಷರ, ನಡುಗುವ ‘ಊ’, ಒಂದು ಚೂರೂ ವ್ಯತ್ಯಾಸವಿಲ್ಲ. ಮೇಡಂ ಚೀಟಿಯನ್ನು ಹಲಗೆಯ ಪಕ್ಕ ಹಿಡಿದು ನೋಡಿದರು.

“ಎಡಗೈಯಲ್ಲಿ ಅಭ್ಯಾಸ ಮಾಡಿ ಬಂದಿದಾರೆ!” ಎಂದರು. “ಇನ್ನೊಬ್ಬರಿಗೋಸ್ಕರ!”

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಹೊದಿಕೆ ಕೋಣೆಯ ಗುಟ್ಟನ್ನೇ ಅವನು ಮುಚ್ಚಿಟ್ಟನೆಂದುಕೊಂಡ ನರ್ಸಮ್ಮ ಹಿಂದಿನ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕಡತರಾಯ ಸೀಮೆಸುಣ್ಣವನ್ನು ಹಲಗೆಯ ಅಂಚಿನಲ್ಲಿಟ್ಟ. ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಹೆಡ್‌ಮಿಸ್ ವೇದಿಕೆ ಹತ್ತಿದರು. “ನಮ್ಮ ಬಳಗದಿಂದ ಒಂದು ಟೆಲಿಫೋನ್ ಕೊಟ್ಟಿದೀವಿ. ಒಂಟಿ ಅನ್ನಿಸಿದೋರು ಯಾರಾದ್ರೂ ಮಾಡಬಹುದು. ಆ ಕಡೆ ಕೂತು ಕೇಳೋಕೆ ಒಬ್ಬ ಒಳ್ಳೆ ಮನುಷ್ಯ ಬೇಕಿತ್ತು. ಇವರಿಗಿಂತ ಬೇಕಾ? ದಿನಾ ಮಧ್ಯಾಹ್ನ ಒಂದರಿಂದ ಎರಡು.”

“ಅದು ಊಟದ ಹೊತ್ತು...” ಎಂದ ಕಡತರಾಯ.

“ಅದಕ್ಕೇ! ಆಗಲೇ ಅಲ್ವಾ ಜನಕ್ಕೆ ಒಂಟಿ ಅನ್ಸೋದು? ಗುಟ್ಟಿನ ಮಾತು ನೋಡಿ, ಹಾಗಾಗಿ ಫೋನಿರೋ ಕೋಣೆ ಬಾಗಿಲು ಹಾಕಿರಬೇಕು. ಬೇರೆ ಯಾರೂ ಒಳಗೆ ಬರೋ ಹಾಗಿಲ್ಲ. ಡಬ್ಬಿ ಅಲ್ಲೇ ಒಯ್ದುಬಿಡಿ.”

ಮತ್ತೆ ಚಪ್ಪಾಳೆ. ಬೀಗದ ಕೈ ಅವನ ಅಂಗೈಗೆ ಬಂತು.

ಬುಧವಾರ ಒಂದು ಗಂಟೆಗೆ ಕಡತರಾಯ ಆ ಕೋಣೆಯ ಬಾಗಿಲು ಹಾಕಿಕೊಂಡ. ಮೇಡಂ ಕೋಣೆಗೆ ಅಂಟಿಕೊಂಡಿದ್ದ ಹಳೆಯ ಉಗ್ರಾಣ ಅದು. ಕಿಟಕಿಯಿಲ್ಲ. ಒಂದು ಮೇಜು, ಒಂದೇ ಕುರ್ಚಿ, ಒಂದು ಟೆಲಿಫೋನು. ಗೋಡೆಯ ಮೇಲೆ ಎರಡು ನಿಯಮ ಅಂಟಿಸಿದ್ದರು: ‘ಕರೆ ಮಾಡಿದವರ ಹೆಸರು ಕೇಳಬಾರದು. ನಿಮ್ಮ ಸ್ವಂತ ಕಷ್ಟ ಹೇಳಿಕೊಳ್ಳಬಾರದು.’

ಒಂದೂ ಹತ್ತಕ್ಕೆ ಫೋನ್ ಹೊಡೆದುಕೊಂಡಿತು.

“ಹಲೋ,” ಎಂದಿತು ಒಂದು ಹೆಣ್ಣು ಧ್ವನಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಂತೆ. “ನನಗೆ... ಏನೂ ತೊಂದರೆ ಇಲ್ಲ. ಸುಮ್ನೆ ಮಾಡ್ದೆ. ಊಟ ಮಾಡ್ತಿದ್ದೆ.”

“ಮಾಡಿ, ಮಾಡಿ. ನಾನಿದೀನಿ.”

“ದೊಡ್ಡ ಹುದ್ದೆ ನಂದು. ಎಲ್ರೂ ನನ್ನ ಮಾತು ಕೇಳ್ತಾರೆ. ಆದ್ರೆ ಊಟಕ್ಕೆ ಯಾರೂ ಕರೆಯಲ್ಲ. ಹೆದರ್ತಾರೋ ಏನೋ.”

ಅಷ್ಟರಲ್ಲಿ ಚಮಚವೊಂದು ನೆಲಕ್ಕೆ ಬಿತ್ತು. ಫೋನಿನಲ್ಲಿ ಟಣ್ ಎಂದದ್ದು ಗೋಡೆಯ ಆಚೆಯೂ ಟಣ್ ಎಂದಿತು. ಕಡತರಾಯ ಗೋಡೆಯ ಕಡೆ ತಿರುಗಿದ. 

“ನಮ್ಮಲ್ಲಿ ಯಾರೋ ಒಂದು ಚೀಟಿ ಬರೆದಿದ್ರು,” ಎಂದು ಧ್ವನಿ ಮುಂದುವರಿಯಿತು. “ಅಷ್ಟು ಹುಡುಕ್ಸಿದ್ದು ಯಾಕೆ ಗೊತ್ತಾ? ಸಿಕ್ಕಿದ್ರೆ, ನಾನೇ ಹೋಗಿ ಅವರ ಜೊತೆ ಊಟಕ್ಕೆ ಕೂರೋಣ ಅಂತಿದ್ದೆ. ಸಿಗಲೇ ಇಲ್ಲ.”

ಕಡತರಾಯನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಎದುರಿಗಿದ್ದ ಎರಡನೆಯ ನಿಯಮವನ್ನು ಓದಿದ. ಇನ್ನೊಮ್ಮೆ ಓದಿದ. ನಿಯಮ ಅತ್ತ ಇರಲಿ, ಹೇಳಿದರೆ ಈಕೆ ನಂಬಬೇಕಲ್ಲ?

“ನಿಮಗೆ ಇದೆಲ್ಲ ಅರ್ಥ ಆಗೋದು ಕಷ್ಟ,” ಎಂದಿತು ಧ್ವನಿ. “ನಿಮ್ಮಂಥ ದೊಡ್ಡ ಮನಸ್ಸಿನೋರಿಗೆ ಎಲ್ಲಿ ಹೋದ್ರೂ ಜನ.”

ಕಡತರಾಯ ಸುತ್ತ ನೋಡಿದ. “ಹೌದು,” ಎಂದ. ಸದ್ದಾಗದಂತೆ ತನ್ನ ಡಬ್ಬಿಯ ಮುಚ್ಚಳ ತೆಗೆದ. “ಇವತ್ತು ಊಟಕ್ಕೆ ಏನು ತಂದಿದೀರಿ, ಹೇಳಿ.”

ಎರಡು ಗಂಟೆಗೆ ಫೋನ್ ಇಟ್ಟು, ಬಾಗಿಲಿಗೆ ಬೀಗ ಹಾಕಿ ತಿರುಗಿದಾಗ ಪಕ್ಕದ ಬಾಗಿಲೂ ತೆರೆಯಿತು. ಮೇಡಂ ಕೈಯಲ್ಲಿ ತೊಳೆಯಬೇಕಾದ ಡಬ್ಬಿ ಇತ್ತು. ಅವನ ಕೈಯಲ್ಲೂ ಇತ್ತು. 

“ಊಟ ಆಯ್ತಾ, ರಾಯರೇ?”

“ಆಯ್ತು, ಮೇಡಂ. ನಿಮ್ಮದು?”

“ಆಯ್ತು.”

ಮೇಡಂ ಬಲಕ್ಕೆ ಹೋದರು. ಕೈತೊಳೆಯುವ ನಲ್ಲಿಯೂ ಬಲಕ್ಕೇ ಇತ್ತು. ಜೊತೆಗೆ ಹೋದರೆ ಏನಂದುಕೊಳ್ಳುತ್ತಾರೋ ಎಂದು ಕಡತರಾಯ ಎಡಕ್ಕೆ ತಿರುಗಿದ.