ಕಟಿಂಗ್ ಟೇಬಲ್ಲಿನ ಮೇಲೆ ತೊರಗಲ್ ಮುತ್ತಿಗೆ

ತೊರಗಲ್ ಕೋಟೆಯನ್ನು ಗೆಲ್ಲುವ ತನಕ ಗಡ್ಡ ಬೋಳಿಸುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ! ಮರುದಿನವೇ ಕೆರೆತ ಶುರುವಾಗಿ ಬೋಳಿಸಿಕೊಂಡೆ, ಆ ಮಾತು ಬೇರೆ. ಕೋಟೆಯ ಮೇಲಿನ ಹಟ ಮಾತ್ರ ಬಿಡಲಿಲ್ಲ.

ಗಾಬರಿಯಾಗಬೇಡಿ. ರಾಮದುರ್ಗದ ಕಡೆ ತನ್ನಷ್ಟಕ್ಕೆ ತಾನು ನಿಂತಿರುವ ನಿಜವಾದ ಕೋಟೆಗೆ ನನ್ನಿಂದ ಯಾವ ಅಪಾಯವೂ ಇರಲಿಲ್ಲ. ನಾನು ಗೆಲ್ಲಬೇಕೆಂದಿದ್ದದ್ದು ಥರ್ಮಾಕೋಲಿನ ತೊರಗಲ್. ಅದು ಇದ್ದದ್ದು ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ, ನನ್ನ ಹೆಂಡತಿ ನೀಲಾ ಕುಪ್ಪಸ ಕತ್ತರಿಸುವ ಕಟಿಂಗ್ ಟೇಬಲ್ಲಿನ ಮೇಲೆ.

ಮೊಬೈಲಿನಲ್ಲಿ ನೋಡಿ ಹತ್ತಿದ ಹುಚ್ಚು ಇದು. ಯಾವುದೋ ದೇಶದ ದೊಡ್ಡ ದೊಡ್ಡ ಗಂಡಸರು ಹೆಬ್ಬೆರಳಿನಷ್ಟು ಎತ್ತರದ ಸೈನಿಕರನ್ನು ಟೇಬಲ್ಲಿನ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಪುಟ್ಟ ಗುಡ್ಡ, ಪುಟ್ಟ ಹೊಳೆ, ಪುಟ್ಟ ತೋಪು. ಆ ಕಡೆ ಒಂದು ದಂಡು, ಈ ಕಡೆ ಒಂದು ದಂಡು. ಅಳತೆಪಟ್ಟಿ ಹಿಡಿದು ದಂಡನ್ನು ಮುಂದೆ ಸರಿಸುವುದು, ದಾಳ ಉರುಳಿಸಿ ಹೊಡೆದಾಡುವುದು. ನೋಡುತ್ತಿದ್ದಂತೆಯೇ ನನ್ನ ರಕ್ತ ಕುದಿಯಿತು!

ಅವರಿಗೆಲ್ಲ ಈ ಆಟದಿಂದ ಏನು ಬೇಕೋ ನನಗೆ ಗೊತ್ತಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ‘ನಡೀ’ ಅಂದರೆ ನಡೆಯುವ, ‘ನಿಲ್ಲು’ ಅಂದರೆ ನಿಲ್ಲುವ ಜನ! ನಾನು ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಅಂಗಡಿಯಲ್ಲಿ ನಾನು ಒಂದು ಬೀಜ ಹೇಳಿದರೆ ಗಿರಾಕಿ ಇನ್ನೊಂದು ಒಯ್ಯುತ್ತಾನೆ. ಮನೆಯಲ್ಲಿ ಫ್ಯಾನು ಹಚ್ಚು ಅಂದರೆ ಟಿವಿ ಹಚ್ಚುತ್ತಾರೆ. ಇಂಥವನಿಗೆ ಒಂದು ಇಡೀ ಸೈನ್ಯ ಸಿಕ್ಕರೆ ಹೇಗಿರಬೇಡ?

“ನೀಲಾ, ಇನ್ನಮ್ಯಾಲೆ ನಾನು ಈ ದಂಡಿನ ದಂಡನಾಯಕ,” ಎಂದು ಸಾರಿದೆ.

ಅವಳು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, “ನೀವು ದಂಡು ದಂಡು ಅಂತೀರಿ, ನನಗ ಕಾಣೂದು ಬರೇ ದಂಡ. ಐತವಾರಕ್ಕ ಒಂದು ದಿನ ಟೇಬಲ್ ಕೊಡತೇನಿ. ಸೋಮವಾರ ಮುಂಜಾನೆ ನನ್ನ ಟೇಬಲ್ ನನಗ ಖಾಲಿ ಸಿಗಬೇಕು,” ಎಂದಳು.

ದಂಡನಾಯಕನಿಗೆ ಸರದಾರರು ಬೇಕಲ್ಲ? ಮೂವರು ಸಿಕ್ಕರು. ಕಿತ್ತೂರಿನಲ್ಲಿ ಬೋರ್ಡು ಬರೆಯುವ ಪೇಂಟರ್ ಮಾಂತೇಶ. ಸವದತ್ತಿ ಕೋರ್ಟಿನ ವಕೀಲ ಮಡಿವಾಳೆಪ್ಪ. ಇತಿಹಾಸ ಕಲಿಸಿ ನಿವೃತ್ತರಾದ ವೆಂಕಣ್ಣ ಮಾಸ್ತರರು. ನಾವು ನಾಲ್ವರು ಕೂತು ಒಂದು ಯುದ್ಧವನ್ನು ಕಲ್ಪಿಸಿದೆವು. ಅಂಥದ್ದು ಯಾವ ಕಾಲಕ್ಕೂ ನಡೆದಿರಲಿಲ್ಲ, ಆದ್ದರಿಂದ ಯಾರಿಗೂ ತಕರಾರು ಇರಲಾರದು ಎಂದುಕೊಂಡೆ. ನಾನೆಂಥ ದಡ್ಡ!

ಮೊದಲ ಐತವಾರವೇ ಮಾಸ್ತರರು ಒಬ್ಬ ಸೈನಿಕನನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು.

“ಗುರುನಾಥ, ಇವನ ಅಂಗಿ ಗುಂಡಿ ಹಳದಿ ಅವ. ಆ ಕಾಲದಾಗ ಹಿತ್ತಾಳಿ ಬಣ್ಣ ಇರಬೇಕಿತ್ತು.”

“ಮಾಸ್ತರ, ನಡೀಲಾರದ ಯುದ್ಧಕ್ಕ ಯಾವ ಕಾಲ ರೀ?”

“ಯುದ್ಧ ನಡದಿಲ್ಲ ಖರೆ. ಹಂಗಂತ ಗುಂಡಿ ತಪ್ಪಬಾರ್ದು!”

ಗುಂಡಿಗಳಿಗೆ ಮತ್ತೆ ಬಣ್ಣ ಬಳಿಯಬೇಕಾಯಿತು. ಮಾಂತೇಶನಿಗೆ ಅದೇ ಬೇಕಾಗಿತ್ತು. ಅವನಿಗೆ ಯುದ್ಧದ ಗೊಡವೆಯೇ ಇಲ್ಲ, ಬಳಿಯುವುದಷ್ಟೇ. ಒಬ್ಬೊಬ್ಬ ಸೈನಿಕನಿಗೂ ಬೇರೆ ಬೇರೆ ಮೀಸೆ! ಇಳಿಮೀಸೆ, ಹುರಿಮೀಸೆ, ಕಳ್ಳಮೀಸೆ. ನಾನು ದಂಡನಾಯಕನ ಗತ್ತಿನಿಂದ ಕೈಚಾಚಿದರೆ ಸಾಕು, ಚೀರುತ್ತಿದ್ದ.

“ಕೈ ಹಚ್ಚಬ್ಯಾಡ್ರಿ! ಮೀಸಿ ಇನ್ನೂ ಹಸಿ ಐತಿ!”

“ಅಲ್ಲೋ, ಮುಟ್ಟದs ಯುದ್ಧ ಹೆಂಗ ಮಾಡೂದು?”

“ಮಾಡ್ರಿ. ಆದ್ರ ಇಂವಾ ಸಾಯಂಗಿಲ್ಲ ನೋಡ್ರಿ ಮತ್ತ. ಈ ಮೀಸಿಗೆ ನಾ ಎಷ್ಟು ಕಣ್ಣು ಕಳಕೊಂಡೇನಿ!”

ಮೀಸೆ ಒಣಗಿತು. ವಕೀಲರು ಎದ್ದರು. ಅವರು ಆಟದ ನಿಯಮಗಳನ್ನೆಲ್ಲ ಪ್ರಿಂಟ್ ತೆಗೆಸಿ, ಕೆಂಪು ದಾರ ಕಟ್ಟಿಕೊಂಡು ಬಂದಿದ್ದರು. ಅವರಿಗೆ ಆಡುವುದು ಬೇಕಿರಲಿಲ್ಲ, ವಾದಿಸುವುದು ಬೇಕಿತ್ತು. ಸವದತ್ತಿಯಲ್ಲಿ ಎದುರು ವಕೀಲರು ಇವರಿಗೆ ಮಾತಾಡಲು ಬಿಡುವುದಿಲ್ಲವಂತೆ.

“ಗುಡ್ಡದ ಮ್ಯಾಲಿನವಗ ಕೆಳಗಿನ ವೈರಿ ಕಾಣತಾನ ಅಂತ ಬರದಾರ,” ಎಂದು ಬೆರಳೆತ್ತಿದರು. “ಕಾಣತಾನ! ಆದ್ರ ಇಂವಾ ನೋಡತಾನ ಅಂತ ಎಲ್ಲಿ ಐತ್ರಿ? ಇಂವಾ ಆ ವ್ಯಾಳ್ಯಾಕ್ಕ ಕಣ್ಣು ತಿಕ್ಕೋಳಾಕ ಹತ್ತಿದ್ರ?”

ಕಡೆಗೊಮ್ಮೆ ನಾನು ದಾಳ ಎಸೆದೆ. ಅದು ಟೇಬಲ್ಲಿನಿಂದ ಉರುಳಿ ಹೊಲಿಗೆ ಮಷೀನಿನ ಕೆಳಗೆ ಹೋಯಿತು. ಕೆಳಗೆ ಬಿದ್ದ ದಾಳ ಲೆಕ್ಕಕ್ಕುಂಟೋ ಇಲ್ಲವೋ ಎಂಬ ವಿಚಾರಣೆ ಚಹಾದ ತನಕ ನಡೆಯಿತು. ಚಹಾ ಆದ ಮೇಲೆ ವಕೀಲರು, “ಮುಂದಿನ ಐತವಾರಕ್ಕ ಇಡ್ರಿ,” ಎಂದು ಎದ್ದರು. ಹೀಗೆ ಐತವಾರಗಳು ಬಂದವು, ಹೋದವು. ನನ್ನ ವೀರ ಸೈನ್ಯ ಒಂದು ಗೇಣೂ ಮುಂದೆ ಸರಿಯಲಿಲ್ಲ.

“ರೀ, ಯುದ್ಧ ಯಾವಾಗ?” ಎಂದು ನೀಲಾ ಕೇಳಿದಳು.

“ತಯಾರಿ ಭರದಿಂದ ನಡದೈತಿ.”

“ಮದುವಿ ಸೀಜನ್ ಮುಗಿಯೂದ್ರಾಗ ಒಬ್ಬರಾದ್ರೂ ಸಾಯ್ರೀ. ನನ್ನ ಟೇಬಲ್ ಬಿಡುಗಡಿ ಆಗ್ಲಿ.”

ಈ ಚುಚ್ಚುಮಾತಿಗೆ ನಾನು ಕೆರಳಿದೆ. ಬರುವ ಐತವಾರ ಯುದ್ಧ ನಡೆದೇ ತೀರಬೇಕು, ಅದೂ ಎಂಥ ರಣರಂಗದ ಮೇಲೆ! ಶನಿವಾರ ನೀಲಾ ಸಿರಸಂಗಿಯ ತವರಿಗೆ ಹೋದಳು. ನಾನು ಕೋಟೆಯ ಸುತ್ತ ಹಾಸಲು ಹಸಿರು ಹುಡುಕತೊಡಗಿದೆ. ಗೋಣಿಚೀಲಕ್ಕೆ ಬಣ್ಣ ಹಚ್ಚಿದರೆ ಪಾಚಿಗಟ್ಟಿದ ಎಮ್ಮೆಯಂತೆ ಕಂಡಿತು. ಆಗ ಕೆಳಗಿನ ಕಪಾಟಿನಲ್ಲಿ, ಚಿಂದಿಗಳ ಪಕ್ಕ, ಒಂದು ಹಸಿರು ಖಣ ಕಣ್ಣಿಗೆ ಬಿತ್ತು. ಕುಪ್ಪಸಕ್ಕೆಂದು ನೇಯ್ದ ಬಟ್ಟೆ. ಎಂಥ ಹಸಿರು! ನೇಯ್ಗೆಯಲ್ಲಿ ಸಣ್ಣ ಸಣ್ಣ ಚುಕ್ಕಿ, ಕೂರಿಗೆಯಲ್ಲಿ ಬಿತ್ತಿದ ಜೋಳ ಸಾಲು ಹಿಡಿದು ಮೊಳೆತಂತೆ! ಚಿಂದಿಯ ಪಕ್ಕ ಇದ್ದದ್ದು ಚಿಂದಿಯೇ ಎಂದು ತೀರ್ಮಾನಿಸಿದೆ. ದಂಡನಾಯಕರು ತೀರ್ಮಾನ ತಗೊಳ್ಳುವುದು ಹೀಗೆಯೇ.

ಐತವಾರ ಮುಂಜಾನೆ ಖಣ ಹಾಸಿ, ಗೋಂದು ಸುರಿದು, ಪಾತ್ರೆ ತಿಕ್ಕುವ ಜುಂಗಿನ ಗಿಡಗಳನ್ನು ನೆಟ್ಟೆ. ನಡುವೆ ಥರ್ಮಾಕೋಲಿನ ಕೋಟೆ ಕೂರಿಸಿದೆ. ಮಾಂತೇಶನಿಗೆ ರೋಮಾಂಚನವಾಗಿ, “ಮಲಪ್ರಭಾ ಹೊಳಿ ಇಲ್ಲದ ತೊರಗಲ್ ಹೆಂಗ್ರಿ?” ಎಂದು ನೀಲಿ ಎಣ್ಣೆಬಣ್ಣದಲ್ಲಿ ಕುಂಚ ಅದ್ದಿ, ಖಣದ ಮೇಲೆ ಅಡ್ಡಡ್ಡ ಹೊಳೆ ಹರಿಸಿಬಿಟ್ಟ.

ವಕೀಲರ ಜೊತೆ ವೆಂಕಣ್ಣ ಮಾಸ್ತರರು ಬಂದು, ಬಗ್ಗಿ ಬಗ್ಗಿ ನೋಡಿ, “ಹೊಲ ಭಾಳ ಛಂದ ಬಂದದ. ಆದ್ರ ಆ ಸೈನಿಕನ ಕಾಲಾಗಿನ ಜೋಡು ಆ ಕಾಲದ್ದಲ್ಲ,” ಎಂದರು.

ಅಷ್ಟರಲ್ಲಿ ಹೊರಗೆ ಆಟೋ ನಿಂತಿತು. ನೀಲಾ ಬಂದಳು. ಹಿಂದೆಯೇ ಮಾಸ್ತರರ ಅಕ್ಕ ಲೀಲಾಬಾಯಿಯವರು! ಅವರ ಮಗಳು ಸುಚೇತಾಳ ಮದುವೆ ಅದೇ ವಾರ. ಅಳತೆ ಕೊಡಲು ಮಗಳ ಬದಲು ಅವಳ ಹಳೇ ಕುಪ್ಪಸ ಹಿಡಿದುಕೊಂಡು ಬಂದಿದ್ದರು.

“ರೀ,” ನೀಲಾ ಕಪಾಟು ತೆರೆದಳು. “ಇಲ್ಲೊಂದು ಹಸರ ಖಣ ಇಟ್ಟಿದ್ದೆ. ನೋಡೀರೇನು?”

“ಹಸರಂದ್ರ... ಯಾವ ಹಸರು? ಹಸರಿನ್ಯಾಗ ಭಾಳ ನಮೂನಿ ಇರತಾವು,” ಎನ್ನುತ್ತ ಮಲಪ್ರಭೆಯ ಮೇಲೆ ಮೊಣಕೈ ಊರಿದೆ. ಮೊಣಕೈ ಅಲ್ಲಿಯೇ ಅಂಟಿಕೊಂಡಿತು!

ಲೀಲಾಬಾಯಿಯವರು ಮಾತ್ರ ಸೈನಿಕರನ್ನು ನೋಡಿ ಹಿಗ್ಗಿದರು. “ಅಯ್ಯ, ಎಷ್ಟು ಮುದ್ದಾಗ್ಯಾವ! ಇಂವಾ ನೋಡು, ಥೇಟ್ ನಮ್ಮ ಮಾವನವರ ಮೀಸಿ!” ಟೇಬಲ್ಲನ್ನು ಒಂದು ಸುತ್ತು ಹಾಕಿದರು. ಅಂಚಿನ ಹತ್ತಿರ ಬಂದು ನಿಂತರು.

“ವೆಂಕಣ್ಣಾ, ಈ ಹುಲ್ಲಿಗೆ ಕೆಂಪು ದಡಿ ಯಾಕದ?”

ಮಾಸ್ತರರ ಮುಖ ಬಿಳಿಚಿತು. “ಅದು ದಡಿ ಅಲ್ಲ ಅಕ್ಕಾ... ಗಡಿ. ರಾಜ್ಯದ ಗಡಿ.”

“ಗಡಿಗೆ ಜರಿಯ ಎಳಿ ಹಾಕಿರತಾರ?”

ಲೀಲಾಬಾಯಿಯವರು ಸೊಂಟದ ಮೇಲೆ ಕೈಯಿಟ್ಟರು. “ಸೋದರಮಾವನ ಖಣ ಅಂತ ನೀನs ಗುಳೇದಗುಡ್ಡಕ್ಕ ಹೋಗಿ ತಂದಿದ್ದೆಲ್ಲೋ! ನಿನ್ನ ಕೈಯಾರ ಆರಿಸಿದ್ದು! ಅದರ ಮ್ಯಾಲೆ ಬಗ್ಗಿ ನಿಂತಿ, ನಿನಗ ಗುರ್ತ ಹತ್ತಲಿಲ್ಲೇನೋ?”

ಇನ್ನೂರು ವರ್ಷದ ಹಿಂದಿನ ಸೈನಿಕನ ಗುಂಡಿ ಬಲ್ಲ ಮಾಸ್ತರರು ಬಾಗಿಲಾಚೆ ಬಿಟ್ಟಿದ್ದ ತಮ್ಮ ಜೋಡು ನೋಡತೊಡಗಿದರು.

ನಗು ಬರುವಂಥ ಹೊತ್ತಲ್ಲ ಅದು. ಲೀಲಾಬಾಯಿಯವರು ಕುರ್ಚಿಯಲ್ಲಿ ಕುಸಿದು ಸೆರಗಿನಿಂದ ಕಣ್ಣೊರೆಸಿಕೊಂಡರು. ನೀಲಾ ನನ್ನ ಕಡೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ನನ್ನ ಮ್ಯಾಲೆ ನಂಬಿಗಿ ಇಟ್ಟು ಕೊಟ್ಟಿದ್ರು,” ಎಂದಳು ಅಷ್ಟೇ. ನಾನು ಮೊಣಕೈ ಅಂಟಿದ ಭಂಗಿಯಲ್ಲೇ ಕುಗ್ಗಿಹೋದೆ.

ಪ್ರಾಯಶ್ಚಿತ್ತ ಮಾಡಿಕೊಳ್ಳಲು ಎಲ್ಲರೂ ಒಟ್ಟಿಗೆ ಧಾವಿಸಿದ್ದೇ ತಪ್ಪಾಯಿತು. ವಕೀಲರು, “ಯಾರೂ ಮುಟ್ಟಬ್ಯಾಡ್ರಿ, ಇದು ಸಾಕ್ಷಿ!” ಎನ್ನುವಷ್ಟರಲ್ಲಿ ಮಾಂತೇಶ ಥಿನ್ನರ್ ಡಬ್ಬಿಯನ್ನೇ ಹೊಳೆಗೆ ಸುರಿದ. ಮಲಪ್ರಭೆಗೆ ಮಹಾಪೂರ ಬಂತು! ನೀಲಿ ಎರಡೂ ದಂಡೆ ಮೀರಿ ಹೊಲಕ್ಕೆ ನುಗ್ಗಿತು. ಥಿನ್ನರ್ ಕೋಟೆಯ ಬುಡಕ್ಕೆ ತಾಗಿದ್ದೇ ತಡ, ಥರ್ಮಾಕೋಲು ಸುಂಯ್ ಎಂದು ಕರಗತೊಡಗಿತು. ಬುರುಜು ಬಾಗಿತು, ಅಗಸೆ ಬಾಗಿಲು ಬಾಯ್ಬಿಟ್ಟಿತು, ನೋಡನೋಡುತ್ತ ಕೋಟೆ ಅಂಬಲಿಯಾಯಿತು. ಒಂದು ದಾಳವೂ ಉರುಳದೆ ತೊರಗಲ್ ಬಿತ್ತು!

“ಸರೀರಿ ಎಲ್ಲಾರೂ!” ಎಂದಳು ನೀಲಾ.

ನಾವು ಸರಿದೆವು. ಎಂಥ ಆಜ್ಞೆ ಅದು! ವಕೀಲರೂ ನಿಯಮ ಕೇಳದೆ ಸರಿದರು. ಮಾಸ್ತರರು ಬಿಸಿನೀರು ತಂದರು, ವಕೀಲರು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕಿತ್ತರು, ಮಾಂತೇಶ ಗೋಂದು ಕೆರೆದ, ನಾನು ನನ್ನನ್ನು ಬಿಡಿಸಿಕೊಂಡೆ. ನೀಲಾ ತೊಳೆದು ಒಣಗಿಸಿದ ಖಣವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತರಿ ಎತ್ತಿಕೊಂಡಳು. ಕುಪ್ಪಸದ ಎದೆ ಹೊಳೆಯ ಆಚೆ ದಂಡೆಯಿಂದ, ಬೆನ್ನು ಈಚೆ ದಂಡೆಯಿಂದ ಹೊರಟಿತು. ತೋಳಿಗೆ ಬಟ್ಟೆ ಸಾಲದ್ದಕ್ಕೆ ದಡಿಗೆ ಹೊಂದುವ ಕೆಂಪು ಬಟ್ಟೆ ಕೂಡಿಸಿ ಬುಗ್ಗೆ ತೋಳು ಮಾಡಿದಳು. ಸಂಜೆಗೆ ಹೊಲಿದು ಕೈಗಿಟ್ಟಾಗ ಲೀಲಾಬಾಯಿಯವರು ತಿರುಗಿಸಿ ಮುರುಗಿಸಿ ನೋಡಿ, “ಛಂದ ಆಗೇದ ನೀಲಾ. ನಮ್ಮ ಹುಡಿಗಿ ಇಂಥಾ ತೋಳನs ಕೇಳಿದ್ಲು,” ಎಂದರು. ಆಮೇಲೆ ನಮ್ಮ ಕಡೆ ತಿರುಗಿ ಶಿಕ್ಷೆ ವಿಧಿಸಿದರು.

“ಈ ಗೊಂಬಿ ಎಲ್ಲಾ ನಮ್ಮ ರುಖವತಕ್ಕ ಬೇಕು.”

ರುಖವತ ಅಂದರೆ ಮದುವೆಮನೆಯಲ್ಲಿ ಹೆಣ್ಣಿನ ಕಡೆಯವರು ಉಂಡಿ, ಚಕ್ಕುಲಿ, ಗೊಂಬೆಗಳನ್ನೆಲ್ಲ ಜೋಡಿಸಿ ಮೆರೆಸುವ ಟೇಬಲ್ಲು. ನನ್ನ ಸೈನ್ಯ, ಚಕ್ಕುಲಿ ಪಕ್ಕ!

“ಆದ್ರ ಮದುವಿಯೊಳಗ ಕತ್ತಿ-ಗಿತ್ತಿ ಬ್ಯಾಡ,” ಎಂದು ಸೇರಿಸಿದರು. “ಶುಭಕಾರ್ಯ. ವಾದ್ಯ ಕೊಡ್ರಿ ಕೈಯಾಗ.”

ಕತ್ತಿಗಳು ಸನಾದಿಗಳಾದವು. ಢಾಲುಗಳು ಡೋಲುಗಳಾದವು. ಫಿರಂಗಿಯ ಬಾಯಿಗೆ ತುತ್ತೂರಿ ಬಂತು. ನಾನು ಒಂದೊಂದು ಕತ್ತಿಯನ್ನೂ ಕೈಮುಗಿದು ಬೀಳ್ಕೊಟ್ಟೆ, ಆದರೆ ನನ್ನ ಸರದಾರರನ್ನು ನೋಡಬೇಕಿತ್ತು! ಬಳಿಯಲು ಮತ್ತಷ್ಟು ಸಿಕ್ಕಿತೆಂದು ಮಾಂತೇಶ ಶೀಟಿ ಹೊಡೆಯುತ್ತಿದ್ದ. ಡೋಲಿನ ಹಗ್ಗ ಯಾವ ಬಣ್ಣದ್ದಿರಬೇಕೆಂದು ಮಾಸ್ತರರು ಭಾಷಣ ಕೊಡುತ್ತಿದ್ದರು. ಸನಾದಿಯವನು ಮುಂದೋ ಡೋಲಿನವನು ಮುಂದೋ ಎಂದು ವಕೀಲರು ವಾದ ಹೂಡಿದ್ದರು. ಯುದ್ಧ ತಪ್ಪಿದ್ದಕ್ಕೆ ಒಬ್ಬನಿಗೂ ದುಃಖವಿರಲಿಲ್ಲ!

ಮದುವೆಯ ದಿನ ಊಟಕ್ಕೆ ಮುಂಚೆ ರುಖವತದ ಹತ್ತಿರ ಭಾರೀ ಗದ್ದಲ. ಓಡಿಹೋಗಿ ನೋಡುತ್ತೇನೆ, ಗೊಂಬೆಗಳ ಡಬ್ಬಿಯಲ್ಲಿ ಉಳಿದಿದ್ದ ದಾಳಗಳು ರಾಮದುರ್ಗದ ಬೀಗರ ಅಜ್ಜಿಯ ಕೈಗೆ ಸಿಕ್ಕಿಬಿಟ್ಟಿವೆ! ಆ ಕಡೆ ಗಂಡಿನ ಅಜ್ಜಿ, ಈ ಕಡೆ ಹೆಣ್ಣಿನ ಅಜ್ಜಿ, ನಡುವೆ ನನ್ನ ಸೈನ್ಯ. ಸುತ್ತ ಹೆಂಗಸರ ಕೇಕೆ. ನಿಯಮದ ಕಟ್ಟಿಲ್ಲ, ಅಳತೆಪಟ್ಟಿಯಿಲ್ಲ. ದಾಳ ಬಿದ್ದಂತೆ ಕುದುರೆಗಳು ಹಾರುತ್ತಿವೆ, ಡೋಲಿನವರು ಉರುಳುತ್ತಿದ್ದಾರೆ, ಸತ್ತವನ ಬದಲು ಬೇಸನ್ ಉಂಡಿ ದಂಡ ಕಟ್ಟುತ್ತಿದ್ದಾರೆ! ನಾವು ಅಷ್ಟೊಂದು ಐತವಾರ ಕೂತು ಶುರು ಮಾಡಲಾಗದ ಯುದ್ಧ ಉಪ್ಪಿಟ್ಟು ಆರುವುದರೊಳಗೆ ಮುಕ್ಕಾಲು ಮುಗಿದಿತ್ತು.

ನನಗೆ ತಡೆಯಲಾಗಲಿಲ್ಲ. ಗುಂಪನ್ನು ಸೀಳಿಕೊಂಡು ಮುಂದೆ ನುಗ್ಗಿದೆ.

“ಅಜ್ಜೀ, ಕುದುರಿ ಹಂಗ ಅಡ್ಡ ಹಾರೂದಿಲ್ರಿ!”

ಬೀಗರ ಅಜ್ಜಿ ಕನ್ನಡಕ ಮೇಲೆತ್ತಿದರು. “ಯಾರಪಾ ನೀನು? ಗಂಡಿನ ಕಡ್ಯಾಂವೋ, ಹೆಣ್ಣಿನ ಕಡ್ಯಾಂವೋ?”

ನಾನು ಎದೆ ಸೆಟೆಸಿ, ಟೇಬಲ್ಲಿನ ಕಡೆ ಕೈಚಾಚಿ, ಇಡೀ ಮದುವೆಮನೆಗೆ ಕೇಳುವಂತೆ ಹೇಳಿದೆ: “ಇವರೆಲ್ಲಾ ನನ್ನ ಜನ ರೀ! ಇವರಿಗೆ ನಾನು ನಾಯಕ!”

ಅಜ್ಜಿ ಒಮ್ಮೆ ಆ ಡೋಲು ಸನಾದಿಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಒಳಗೆ ತಿರುಗಿ ಕೂಗಿದರು.

“ಲೀಲಾಬಾಯೀ, ಬ್ಯಾಂಡಿನವರು ಬಂದು ನಿಂತಾರ ನೋಡವಾ! ಪಾಪ, ಹಸದಂಗ ಕಾಣ್ತಾರ. ಮೊದಲು ಊಟಕ್ಕ ಕೂಡಸ್ರಿ!”

ಹೋಗಿ ಕೂತೆ. ಮತ್ತೇನು ಮಾಡಲಿ? ಎಲೆ ಹಾಕುತ್ತಿದ್ದವಳು ನೀಲಾ. ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದಳು:

“ಉಳದವರು ಎಷ್ಟು ಮಂದಿ ಅದಾರ್ರಿ, ಬ್ಯಾಂಡ್ ಮಾಸ್ತರ? ಉಂಡು ಲಗೂನ ಏಳ್ರಿ, ವರಾತದ ಮೆರವಣಿಗಿ ಹೊಂಡೂ ಹೊತ್ತಾತು.”