ತೆಳು ಹಿಡಿ, ಗಿಡ್ಡ ಪರದೆ

"ಭಾನುವಾರದೊಳಗೆ ಈ ಚಾಕುವಿನ ಹಿಡಿ ಅರ್ಧಕ್ಕರ್ಧ ತೆಳುವಾಗದಿದ್ರೆ, ನಾನು ಆಫೀಸಿಗೇ ಹೋಗಲ್ಲ," ಎಂದು ಟಪಾಲು ವಿಭಾಗದ ಗುಮಾಸ್ತರು ಊಟದ ಮೇಜಿನ ಮುಂದೆ ಘೋಷಿಸಿದರು.

"ರಜೆ ಎಷ್ಟು ಉಳಿದಿದೆ ನೋಡ್ಕೊಳ್ಳಿ ಮೊದ್ಲು," ಎಂದರು ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ.

ಈ ಶಪಥಕ್ಕೆ ಕಾರಣ ಕ್ಯಾಷಿಯರ್. ದಿನಕ್ಕೆ ಇನ್ನೂರು ಲಕೋಟೆ ಒಡೆಯುವ ಗುಮಾಸ್ತರ ಜೇಬಿನಲ್ಲಿ ಸದಾ ಒಂದು ಮಡಿಚುವ ಚಾಕು ಇರುತ್ತಿತ್ತು. ಅಲಗು ಬಂಗಾರದಂಥದ್ದು. ಆದರೆ ಹಿಡಿಯ ಎರಡು ಬದಿಗೂ ಕೂರಿಸಿದ್ದ ಪ್ಲಾಸ್ಟಿಕ್ ಪಟ್ಟಿಗಳು ವಿಪರೀತ ದಪ್ಪ. ಅಂದು ಕ್ಯಾಷಿಯರ್ ಆ ಉಬ್ಬನ್ನು ನೋಡಿ, ಇಡೀ ಆಫೀಸಿಗೆ ಕೇಳುವಂತೆ, "ಏನ್ ಸಾರ್, ಸ್ನಾನದ ಮನೆಯಿಂದ ಸೋಪಿನ ಡಬ್ಬಿ ಹಾಗೇ ಜೇಬಿಗೆ ಹಾಕ್ಕೊಂಡು ಬಂದ್ರಾ?" ಎಂದುಬಿಟ್ಟಿದ್ದ.

ಗುಮಾಸ್ತರು ಅಂದೇ ಪ್ಲಾಸ್ಟಿಕ್ ಪಟ್ಟಿ ಕಿತ್ತು ಕಸಕ್ಕೆ ಎಸೆದರು. ಹೊಸದಕ್ಕೆ ಮರವೇ ಆಗಬೇಕು, ಎಷ್ಟು ತೆಳುವಾದರೂ ಗಟ್ಟಿ ಇರಬೇಕು. ಪ್ಲೈವುಡ್ ಚೂರು ಪದರ ಪದರವಾಗಿ ಬಿಚ್ಚಿಕೊಂಡಿತು. ಹಣ್ಣಿನ ಪೆಟ್ಟಿಗೆಯ ಹಲಗೆ, ತೂತು ಕೊರೆಯುವಾಗ ಸೀಳಿಕೊಂಡಿತು. ಶನಿವಾರ ಮಧ್ಯಾಹ್ನ ಹೆಂಡತಿ ಬಟ್ಟೆ ತರಲು ಹೋಗಿದ್ದಾಗ, ಹೊಲಿಗೆ ಯಂತ್ರದ ಹಿಂದೆ ಗೋಡೆಗೊರಗಿ ನಿಂತಿದ್ದ ಅವರ ಅಳತೆಕೋಲು ಗುಮಾಸ್ತರ ಕಣ್ಣಿಗೆ ಬಿತ್ತು.

ಹೆಂಡತಿ ಮುಂದಿನ ಕೋಣೆಯಲ್ಲಿ ಕೂತು ಕಿಟಕಿ ಪರದೆ ಹೊಲಿಯುವವರು. ಒಂದು ಮೀಟರ್ ಉದ್ದದ ಆ ಕೋಲಿನ ಎರಡೂ ತುದಿಗೆ ಹಿತ್ತಾಳೆಯ ಟೋಪಿ. ಇಪ್ಪತ್ತು ವರ್ಷ ಕೈಯಾಡಿ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು, ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಅಂಕಿಯೇ ಇಲ್ಲದ ಕೋಲು ಅರ್ಧ ಗೇಣು ಹೆಚ್ಚಿದ್ದರೇನು, ಕಡಿಮೆಯಿದ್ದರೇನು ಎಂದು ಗುಮಾಸ್ತರು ತರ್ಕಿಸಿದರು. ಆಫೀಸಿನಲ್ಲೂ ಅವರ ತರ್ಕಕ್ಕೆ ಹೆಸರಿತ್ತು.

ಟೋಪಿ ಬಿಚ್ಚಿದರು, ಗರಗಸದಿಂದ ಅರ್ಧ ಗೇಣು ಕೊಯ್ದರು, ಟೋಪಿಯನ್ನು ಕೂದಲೆಳೆ ಸಂದಿಲ್ಲದಂತೆ ಮತ್ತೆ ಕೂರಿಸಿ ಕೋಲನ್ನು ಅದರ ಜಾಗದಲ್ಲೇ ನಿಲ್ಲಿಸಿದರು. ಆಮೇಲೆ ಆ ತುಂಡನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ ಅರದಿಂದ ಉಜ್ಜಿದರು, ಮರಳು ಕಾಗದದಿಂದ ಉಜ್ಜಿದರು, ಜೊತೆಗೆ ಎರಡು ಬೆರಳಿನ ಚರ್ಮವನ್ನೂ ಉಜ್ಜಿಕೊಂಡರು. ಪಟ್ಟಿ ತೆಳುವಾದದ್ದರಿಂದ ಹಳೆಯ ಸ್ಕ್ರೂಗಳು ಉದ್ದವಾಗಿ ಒಳಗೆ ಮೂತಿ ತೂರಿಸಿ ಅಲಗನ್ನು ತಡೆದವು. ಅವನ್ನೂ ಒಂದೊಂದಾಗಿ ಅರ ಹಾಕಿ ಗಿಡ್ಡ ಮಾಡಿದರು. ಭಾನುವಾರ ಸಂಜೆ ಚಾಕು ಟಕ್ಕೆಂದು ಬಿಚ್ಚಿಕೊಂಡಿತು, ಟಕ್ಕೆಂದು ಮಡಿಚಿಕೊಂಡಿತು. ಜೇಬಿನಲ್ಲಿ ಬಸ್ ಪಾಸಿನಂತೆ ಮಲಗಿತು.

ಸೋಮವಾರ ಕ್ಯಾಷಿಯರ್ ಅದನ್ನು ಮೂರು ಸಲ ತಿರುಗಿಸಿ ನೋಡಿ, "ಸಾರ್, ನಂಗೂ ಒಂದು ಮಾಡ್ಕೊಡ್ತೀರಾ?" ಎಂದ.

"ಅರ್ಜಿ ಕೊಟ್ಟಿರು, ನೋಡೋಣ," ಎಂದರು ಗುಮಾಸ್ತರು. ಅಂದು ಅವರು ಒಡೆಯಬೇಕಿಲ್ಲದ ಲಕೋಟೆಗಳನ್ನೂ ಒಡೆದರು.

ಅದೇ ವಾರ ಹೆಂಡತಿಗೆ ಹಲ್ಲಿನ ಡಾಕ್ಟರ ಹೊಸ ಕ್ಲಿನಿಕ್ಕಿನ ಕೆಲಸ. ಕಿಟಕಿಗಳನ್ನು ಅವರು ಹಿಂದಿನ ವಾರವೇ ಅಳೆದು ಬಂದಿದ್ದರು: ಮೇಲಿನಿಂದ ಕೆಳಗೆ ಸರಿಯಾಗಿ ಎರಡು ಕೋಲು. ಈಗ ಎರಡೆರಡು ಕೋಲು ಬಟ್ಟೆ ಅಳೆದು, ಮಡಿಕೆಗೆಂದು ನಾಲ್ಕು ಬೆರಳು ಬಿಟ್ಟು, ಹದಿನಾಲ್ಕು ಪರದೆ ಹೊಲಿದು ಮುಗಿಸಿದರು.

ಶನಿವಾರ ಸ್ಟೂಲ್ ಹತ್ತಿ ಪರದೆ ತೂಗುಹಾಕಿದವರು ಗುಮಾಸ್ತರೇ. ಮೊದಲನೆಯದು ಕಿಟಕಿಯ ಬುಡಕ್ಕೆ ಒಂದು ಗೇಣು ಇರುವಾಗಲೇ ನಿಂತುಬಿಟ್ಟಿತು. ಎರಡನೆಯದೂ ಹಾಗೆಯೇ. ಹೆಂಡತಿ ಕೋಲು ತೆಗೆದು ಕಿಟಕಿಯನ್ನು ಮತ್ತೆ ಅಳೆದರು. ಎರಡು ಕೋಲು, ಮೇಲೊಂದು ಗೇಣು.

"ಹೋದ ವಾರ ಎರಡೇ ಕೋಲು ಇತ್ತು ಡಾಕ್ಟ್ರೇ."

"ಹಲ್ಲು ಬೆಳೆಯೋದು ನೋಡಿದ್ದೀನಮ್ಮ," ಎಂದರು ಡಾಕ್ಟರು. "ಕಿಟಕಿ ಬೆಳೆಯೋದು ಇದೇ ಮೊದಲು."

ಸ್ಟೂಲಿನ ಮೇಲಿದ್ದ ಗುಮಾಸ್ತರಿಗೆ ಎಲ್ಲ ಅರ್ಥವಾಯಿತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಟೋಪಿಯನ್ನು ಅಷ್ಟು ಚೆನ್ನಾಗಿ ಕೂರಿಸಿದ್ದರು. ಆದರೆ ಹೆಂಡತಿ ಕೋಲನ್ನೂ ತಮ್ಮ ಕೈಯನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು.

"ಇಪ್ಪತ್ತು ವರ್ಷಕ್ಕೆ ಮೊದಲನೇ ಸಲ," ಎಂದರು ಮೆಲ್ಲಗೆ. "ನನ್ನ ಕಣ್ಣೇ ಮಂಜಾಗಿದೆಯೋ ಏನೋ. ಇನ್ನು ಈ ಕೆಲಸ ಸಾಕು ಅನ್ಸುತ್ತೆ."

ಗುಮಾಸ್ತರು ಸ್ಟೂಲಿನಿಂದ ಇಳಿದರು. ಜೇಬಿನಿಂದ ಚಾಕು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟರು.

"ನಿನ್ನ ಕಣ್ಣಿಗೇನೂ ಆಗಿಲ್ಲ. ಕೋಲಿನ ಅರ್ಧ ಗೇಣು ಇಲ್ಲಿದೆ."

ಹೆಂಡತಿ ಹಿಡಿಯ ಪಟ್ಟಿಯನ್ನು ಕೋಲಿನ ಪಕ್ಕಕ್ಕೆ ಹಿಡಿದರು. ಅದೇ ಬಣ್ಣ, ಅದೇ ಎಳೆ. ಗುಮಾಸ್ತರು ಕೋಲಿನ ತುದಿಗೆ ಬೆರಳು ತೋರಿಸಿದರು.

"ಆದ್ರೂ ಆ ಟೋಪಿ ಹೇಗೆ ಕೂತಿದೆ ನೋಡು. ಸಂದೇ ಕಾಣಲ್ಲ."

"ಕಂಡಿದ್ರೆ ಹದಿನಾಲ್ಕು ಪರದೆ ಉಳೀತಿತ್ತು."

ಡಾಕ್ಟರು ಚಾಕು ತೆಗೆದುಕೊಂಡು ಹಿಡಿಯ ಮೇಲೆ ಹೆಬ್ಬೆರಳಾಡಿಸಿದರು. "ಕೆಲಸ ಮಾತ್ರ ಬಹಳ ನಯ."

"ಹೊಗಳಬೇಡಿ ಡಾಕ್ಟ್ರೇ," ಎಂದರು ಹೆಂಡತಿ. "ಮನೇಲಿ ಇನ್ನೂ ಎರಡು ಮರದ ಕುರ್ಚಿ ಇದೆ."

ಪರಿಹಾರವನ್ನು ಹೆಂಡತಿಯೇ ಕಂಡುಹಿಡಿದರು. ಪ್ರತಿ ಪರದೆಯ ಬುಡಕ್ಕೂ ಗೇಣಗಲದ ಕಡುನೀಲಿ ಅಂಚು. ಯಂತ್ರದಲ್ಲಿ ಜೋಡಿಸುವುದು ಅವರು. ಕೆಳಗಿನ ಮಡಿಕೆಯನ್ನು ಕೈಯಿಂದ ಹೊಲಿಯುವುದು ಗುಮಾಸ್ತರು. ಮೊದಲ ಪರದೆಯನ್ನು ಹೆಂಡತಿ ಮೂರು ಸಲ ಬಿಚ್ಚಿಸಿದರು. ಐದನೆಯದನ್ನು ಒಂದೇ ಸಲ. ಹತ್ತನೆಯ ಪರದೆಯ ಹೊತ್ತಿಗೆ ಹೊಲಿಗೆ ಇರುವೆ ಸಾಲಿನಂತೆ ನೆಟ್ಟಗೆ ಹರಿಯಿತು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಚಾಕುವಿನ ಹಿಡಿ ನೆನಪಿಗೇ ಬರಲಿಲ್ಲ.

ಮುಂದಿನ ಶನಿವಾರ ಹದಿನಾಲ್ಕೂ ಪರದೆ ಕಿಟಕಿಗಳ ಬುಡ ಮುಟ್ಟಿದವು. ಡಾಕ್ಟರು ಒಂದರ ಅಂಚನ್ನು ಮೇಲೆತ್ತಿ, ಹಲ್ಲು ನೋಡುವಷ್ಟೇ ಹತ್ತಿರದಿಂದ ನೋಡಿದರು.

"ಮೊದಲಿಗಿಂತ ಇದೇ ಚೆನ್ನಾಗಿದೆ. ಈ ಕೈಹೊಲಿಗೆ ನಿಮ್ದೇನಮ್ಮ?"

"ನಂದಲ್ಲ," ಎಂದರು ಹೆಂಡತಿ.

ಸ್ಟೂಲಿನ ಮೇಲೆ ಗುಮಾಸ್ತರು ಎದೆ ಸೆಟೆಸಿ, ಅಂಗಿ ಸರಿಮಾಡಿಕೊಂಡು ನಿಂತರು.

"ಹೊಸದಾಗಿ ಒಬ್ರು ಸೇರ್ಕೊಂಡಿದ್ದಾರೆ," ಎಂದರು ಹೆಂಡತಿ, ಅಂಚನ್ನು ಸವರುತ್ತ. "ಕೈ ಪರವಾಗಿಲ್ಲ. ಕತ್ತರಿ ಮಾತ್ರ ಇನ್ನೂ ಮುಟ್ಟೋಕೆ ಬಿಟ್ಟಿಲ್ಲ."